ಶನಿವಾರದ ಸ್ಕೇಲು

ಶಿಡ್ಲಘಟ್ಟದ ಒಂದು ರೀಲಿಂಗ್ ಘಟಕದಲ್ಲಿ ರಾಧಾಮಣಿಗೆ ಕೆಲಸ. ಬಿಸಿನೀರಲ್ಲಿ ಬೇಯುವ ರೇಷ್ಮೆಗೂಡಿನಿಂದ ಎಳೆ ಹುಡುಕಿ ತೆಗೆಯಬೇಕು. ಅವಳ ಬೆರಳ ತುದಿಗಳು ಸದಾ ಬೆಳ್ಳಗೆ ಊದಿಕೊಂಡು, ಅಲ್ಲಲ್ಲಿ ಬಿರಿದಿರುತ್ತವೆ. ಗಂಡ ತೀರಿಕೊಂಡ ಮೇಲೂ ಮಗಳು ಹರಿಣಿಯನ್ನು ಅವಳು ಖಾಸಗಿ ಶಾಲೆಯಿಂದ ಬಿಡಿಸಲಿಲ್ಲ. ಮನೆಯಲ್ಲಿ ಆಡುವುದು ತೆಲುಗು. ಒಂಬತ್ತನೆಯ ತರಗತಿಗೆ ಬಂದರೂ ಹರಿಣಿ ಕನ್ನಡ ಓದುವಾಗ ಒತ್ತಕ್ಷರ ಸಿಕ್ಕರೆ ನಿಂತುಬಿಡುತ್ತಿದ್ದಳು.

ದಸರಾ ರಜೆ ಮುಗಿದ ಮೇಲೆ ಹೆಡ್‌ಮಾಸ್ಟರ್ ಗಂಗಾಧರ್ ತಾಯಿಯನ್ನು ಕರೆಸಿದರು.

"ನೋಡಮ್ಮ, ನಮ್ಮದು ಹತ್ತನೇ ಕ್ಲಾಸು ನೂರಕ್ಕೆ ನೂರು ರಿಸಲ್ಟು. ಇವಳೊಬ್ಬಳಿಂದ ಅದು ಹೋಗ್ಬಾರ್ದು. ಟಿ.ಸಿ. ತಗೊಂಡು ಬೇರೆ ಕಡೆ ಸೇರಿಸ್ಬಿಡು."

"ಕಣ್ಣೆರಡು ಬಿಟ್ಟು ಎಲ್ಲಿ ಬೇಕಾದ್ರೂ ಹೊಡೀರಿ ಸಾರ್, ನಾನು ಕೇಳಲ್ಲ. ಟಿ.ಸಿ. ಮಾತ್ರ ಕೊಡ್ಬೇಡಿ."

ನಮ್ಮ ಕಡೆ ಮಕ್ಕಳನ್ನು ಶಾಲೆಗೆ ಸೇರಿಸುವಾಗ ಹಿರಿಯರು ಆಡುವ ಮಾತೇ ಅದು. ಮೇಷ್ಟ್ರ ಮೇಲಿನ ನಂಬಿಕೆಯನ್ನು ಹಾಗೆ ಹೇಳುವುದು ರೂಢಿ. ಗಂಗಾಧರ್ ನಕ್ಕರು.

"ನಾವೀಗ ಮುಟ್ಟೋ ಹಾಗಿಲ್ಲ ಕಣಮ್ಮ, ಕಾನೂನು. ನೀನಾದ್ರೆ ಹೆತ್ತೋಳು, ನಿನ್ನನ್ನ ಯಾರು ಕೇಳ್ತಾರೆ?"

ಒಪ್ಪಂದವಾಯಿತು. ಶನಿವಾರ ಗಂಟೆ ಹೊಡೆದ ಮೇಲೆ ಕನ್ನಡದ ತನುಜ ಮಿಸ್ ಹರಿಣಿಗೆ ಓದಿಸಬೇಕು, ತಾಯಿ ಪಕ್ಕದಲ್ಲಿ ಕೂರಬೇಕು, ತಪ್ಪಿದಾಗ ತಾಯಿಯೇ ಹೊಡೆಯಬೇಕು.

ಮೊದಲ ಶನಿವಾರ ಹರಿಣಿ ಎರಡನೆಯ ಸಾಲಿನಲ್ಲೇ ನಿಂತಳು. ರಾಧಾಮಣಿ ಬೆನ್ನಿಗೊಂದು ಕೊಟ್ಟಳು. ಬಿರಿದ ಬೆರಳು ಉರಿದು ಕೈ ಕೊಡವಿಕೊಂಡಳು. ಕಿಟಕಿಯಲ್ಲಿ ಹುಡುಗರು ಕಿಸಕ್ಕೆಂದರು.

"ಬೆಂದಿರೋ ಕೈ ಕಣೋ! ಏಟೇ ಬೀಳಲ್ಲ."

ಅಲ್ಲೇ ನಿಂತಿದ್ದ ಗಂಗಾಧರ್ ಹುಡುಗರನ್ನು ಓಡಿಸಲಿಲ್ಲ. ಮೇಜಿನ ಮೇಲಿದ್ದ ಮರದ ಸ್ಕೇಲನ್ನು ರಾಧಾಮಣಿಯ ಕಡೆ ತಳ್ಳಿದರು. "ಇದು ತಗೋ."

ಅಂದಿನಿಂದ ಅವಳು ಒಂದು ಶನಿವಾರವನ್ನೂ ತಪ್ಪಿಸಲಿಲ್ಲ. ಘಟಕದಲ್ಲಿ ಜೊತೆಗೆ ದುಡಿಯುವ ಮಂಗಮ್ಮ ಚುಚ್ಚಿದಳು: "ಏನೇ ರಾಧಾ, ಅರ್ಧ ದಿನ ರಜ ಹಾಕಿ ಮಗಳನ್ನ ಬಡಿಯೋಕೆ ಹೋಗ್ತೀಯಂತೆ? ಮನೇಲಿ ಜಾಗ ಇಲ್ವಾ?"

"ಮೇಷ್ಟ್ರೇ ಕೈ ಜೋಡಿಸವ್ರೆ ಕಣಕ್ಕ. ನಮ್ಮಂಥೋರಿಗೆ ಅಷ್ಟು ಯಾರು ಮಾಡ್ತಾರೆ?"

ತನುಜ ಮಿಸ್ ಪ್ರತಿ ಒತ್ತಕ್ಷರವನ್ನೂ ಬಿಡಿಸಿ, ಮತ್ತೆ ಮತ್ತೆ ಹೇಳಿಕೊಡುತ್ತಿದ್ದರು. ಏಟು ಬೀಳುವಾಗ ಪುಸ್ತಕ ನೋಡುತ್ತಿದ್ದರು. ಸಂಕ್ರಾಂತಿಯ ಹೊತ್ತಿಗೆ ಹರಿಣಿ ಒಂದಿಡೀ ಪುಟವನ್ನು ಎಲ್ಲಿಯೂ ನಿಲ್ಲದೆ ಓದಿದಳು. ಅದು ಸ್ಕೇಲಿನ ಗುಣವೆಂದು ಗಂಗಾಧರ್ ಹೇಳಿದರು. ರಾಧಾಮಣಿಯೂ ಹಾಗೆಂದೇ ನಂಬಿದಳು.

ಆಮೇಲೆ ಬಸ್ಸಿನಲ್ಲಿ ಹರಿಣಿಯ ತೋಳಿನ ಬಾಸುಂಡೆ ನೋಡಿದ ಯಾರೋ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದರು. ಒಬ್ಬರು ಮಹಿಳಾ ಅಧಿಕಾರಿ ಶಾಲೆಗೆ ಬಂದರು. ರಾಧಾಮಣಿಯನ್ನೂ ಕರೆಸಿದರು.

"ಯಾರು ಪುಟ್ಟಾ ಹೊಡೆದಿದ್ದು?"

ಹರಿಣಿ ಹೆಡ್‌ಮಾಸ್ಟರ ಮುಖ ನೋಡಿದಳು. "ಅಮ್ಮ."

"ಶಾಲೇಲಿ?"

"ಅಮ್ಮನೇ."

"ನಮ್ಮ ಸ್ಟಾಫು ಒಂದು ಬೆರಳು ಮುಟ್ಟಿಸಿಲ್ಲ ಮೇಡಂ," ಎಂದರು ಗಂಗಾಧರ್. "ಬೇಕಾದ್ರೆ ತನುಜ ಮಿಸ್‌ನ ಕೇಳಿ."

ತನುಜ ಮಿಸ್ ನೆಲ ನೋಡುತ್ತ, "ನಾವ್ಯಾರೂ ಮುಟ್ಟಿಲ್ಲ," ಎಂದರು. ಸ್ಕೇಲು ಕೊಟ್ಟವರು ಯಾರೆಂದು ಯಾರೂ ಕೇಳಲಿಲ್ಲ. ಕೇಳದಿದ್ದರೂ ತಾನಾಗಿ ಹೇಳಬಹುದೆಂದು ರಾಧಾಮಣಿಗೆ ಹೊಳೆಯಲಿಲ್ಲ. ಇನ್ನೊಮ್ಮೆ ಹೊಡೆದರೆ ಕೇಸು ಹಾಕುವುದಾಗಿ ಅವಳಿಗೆ ಎಚ್ಚರಿಕೆ ಕೊಟ್ಟು ಅಧಿಕಾರಿ ಹೊರಟರು.

ಜೀಪು ಗೇಟು ದಾಟುತ್ತಲೇ ಗಂಗಾಧರ್ ಟಿ.ಸಿ. ಬರೆಯಲು ಹೇಳಿದರು.

"ಈಗ ಚೆನ್ನಾಗಿ ಓದ್ತಾಳಲ್ಲ ಸಾರ್! ಒಂದ್ಸಲ ಓದಿಸಿ ನೋಡಿ."

"ಓದ್ತಾಳೆ, ಇಲ್ಲ ಅಂದೋರ್ಯಾರು? ಅದಕ್ಕೇ ಬೇರೆ ಶಾಲೇಲಿ ಸೇರಿಸ್ಕೋತಾರೆ. ಇಂಥ ತಾಯೀನ ಇಟ್ಕೊಂಡು ನಾವು ಶಾಲೆ ಹೆಸರು ಕೆಡಿಸ್ಕೊಳ್ಳೋಕಾಗಲ್ಲ."

ತನುಜ ಮಿಸ್ ಎದ್ದು ಮುಂದಿನ ಪಿರಿಯಡ್ಡಿಗೆ ಹೋದರು.

ರಸ್ತೆಯಲ್ಲಿ ಹರಿಣಿ ಒಂದು ಮಾರು ಮುಂದೆ ನಡೆಯುತ್ತಿದ್ದಳು. ಬಸ್‌ಸ್ಟ್ಯಾಂಡ್ ಹತ್ತಿರ ಬಂದಾಗ, ತಿರುಗದೆಯೇ ಕೇಳಿದಳು:

"ನಾನೇನೂ ಸುಳ್ಳು ಹೇಳ್ಲಿಲ್ವಲ್ಲ?"

"ಇಲ್ಲಮ್ಮ," ಎಂದಳು ರಾಧಾಮಣಿ. "ಸರಿಯಾಗೇ ಹೇಳ್ದೆ."