ಅಂಗೈ ಮೇಸ್ತ್ರಿಯ ಅರ್ಧ ಲೋಟ

ಅಂಗೈ ಮೇಸ್ತ್ರಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಯಾರೇ ಕಾರು ತಂದು ನಡುಗುತ್ತೆ ಅಂದರೂ ಮೊದಲು ತಾನೇ ಓಡಿಸಿ ನೋಡುತ್ತಿದ್ದ. ಓಡಿಸುತ್ತ, ಎರಡು ಸೀಟುಗಳ ನಡುವಿನ ಉಬ್ಬಿನ ಮೇಲೆ ಎಡ ಅಂಗೈಯನ್ನು ಮಗುವಿನ ಜ್ವರ ನೋಡುವವನ ಹಾಗೆ ಮೆತ್ತಗೆ ಇಡುತ್ತಿದ್ದ. ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆಗೆ ಹೋಗುವ ಶಾಫ್ಟು ತಿರುಗುವುದು ಆ ಉಬ್ಬಿನ ಕೆಳಗೇ. ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ದೋಷ ಟೈರಿನದೋ, ಶಾಫ್ಟಿನದೋ, ಗೇರ್‌ಬಾಕ್ಸ್ ಕೂತಿರುವ ರಬ್ಬರಿನದೋ ಹೇಳಿಬಿಡುತ್ತಿದ್ದ. ರಿಪೇರಿ ಮುಗಿದ ಮೇಲೂ ಅಷ್ಟೇ, ಅಂಗೈ ಹೂಂ ಅನ್ನದೆ ಯಾವ ಗಾಡಿಯೂ ಶಟರ್ ದಾಟುವಂತಿರಲಿಲ್ಲ. ಹುಟ್ಟಾ ಎಡಚ. ಸ್ಪ್ಯಾನರ್ ಹಿಡಿಯುವುದೂ ಎಡಗೈ, ಲೋಟ ಹಿಡಿಯುವುದೂ ಎಡಗೈ, ಜಗಳದಲ್ಲಿ ಮೊದಲು ಮೇಲೇಳುವುದೂ ಅದೇ.

ಜಗಳ ಅಂದೆನಲ್ಲ, ಆ ದಿನಗಳಲ್ಲಿ ಗಂಡ ಹೆಂಡತಿ ನಡುವೆ ನಡೆಯುತ್ತಿದ್ದ ಮಹಾ ಜಗಳ ಚಹಾದ್ದು. ಕೆಳಗೆ ಗ್ಯಾರೇಜು, ಮೇಲೆ ಮನೆ. ಮೇಲಿನ ಕೋಣೆಯ ಕಿಟಕಿ ಪಕ್ಕ ಹೊಲಿಗೆ ಮೆಷಿನ್ ಇಟ್ಟುಕೊಂಡು ಹೆಂಡತಿ ಗಾಡಿಗಳ ಸೀಟಿಗೆ ಕವರ್ ಹೊಲಿಯುತ್ತಿದ್ದಳು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಚಹಾ ಹಿಡಿದು ಮೆಟ್ಟಿಲಿಳಿದು ಬರುವುದು ಮದುವೆಯಾದಂದಿನ ರೂಢಿ. ಈಚೆಗೆ ಆ ಸ್ಟೀಲ್ ಲೋಟದಲ್ಲಿ ಚಹಾ ಅರ್ಧಕ್ಕೇ ನಿಲ್ಲುತ್ತಿತ್ತು. ಹಾಲಿಗೇನು ಬರ ಬಂದಿದೆಯೇ, ಅಥವಾ ನನ್ನ ಯೋಗ್ಯತೆಯೇ ಅರ್ಧ ಆಯಿತೇ ಎಂದು ಮೇಸ್ತ್ರಿ ದಿನವೂ ರೇಗುತ್ತಿದ್ದ. ಬೇಕಾದರೆ ಇನ್ನೊಮ್ಮೆ ತಂದುಕೊಡುತ್ತೇನೆ, ಲೋಟ ಹಿಡಿದುಕೊಂಡು ಭಾಷಣ ಬೇಡ ಎಂದು ಅವಳು. ತರುತ್ತಲೂ ಇದ್ದಳು, ಮತ್ತೆ ಅರ್ಧವೇ. ಜಿಪುಣಿ ಅಂತ ಕರೆದರೂ ಜಗ್ಗಲಿಲ್ಲ.

ಇಂಥ ಹೊತ್ತಿನಲ್ಲಿ ಹಲ್ಲಿನ ಡಾಕ್ಟರಮ್ಮ ತಮ್ಮ ತಂದೆ ಓಡಿಸುತ್ತಿದ್ದ ಹಳೆಯ ಸ್ಪೋರ್ಟ್ಸ್ ಕಾರು ತಂದರು. ಎರಡೇ ಸೀಟು, ಉದ್ದ ಮೂತಿ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಕೂತ ಬೆಕ್ಕಿನಂತೆ ಇತ್ತು. ಮೆಲ್ಲಗೆ ಹೋದರೆ ಚಿನ್ನದಂಥ ಗಾಡಿ. ವೇಗ ಒಂದು ಹದಕ್ಕೆ ಬಂದ ಕೂಡಲೇ ಸೀಟಿನ ಕೆಳಗಿನಿಂದ ಗುಂಯ್ ಎಂದು ನಡುಕ ಎದ್ದು, ಕನ್ನಡಿಯಲ್ಲಿ ಹಿಂದಿನ ಲಾರಿ ಎರಡೆರಡಾಗಿ ಕಾಣುತ್ತಿತ್ತು. ತಂಗಿಯನ್ನು ಕೂರಿಸಿಕೊಂಡು ದೂರ ಹೋಗಬೇಕು ಅನ್ನುವುದು ಡಾಕ್ಟರಮ್ಮನ ಆಸೆ. ನಿಧಾನವಾಗಿ ಆಗಲಿ ಮೇಸ್ತ್ರಿ, ನಿಮ್ಮ ಕೈ ಒಪ್ಪಿದ ಮೇಲೇ ಕೊಡಿ ಎಂದು ಹೇಳಿ ಹೋದರು.

ಆ ಮಾತು ಮೇಸ್ತ್ರಿಗೆ ನಾಟಿತು. ಯಾಕೆಂದರೆ ಈಚೆಗೆ ಯಾವ ಗಾಡಿಯನ್ನೂ ಅವನ ಕೈ ಸಲೀಸಾಗಿ ಒಪ್ಪುತ್ತಿರಲಿಲ್ಲ. ಮಾಡಿದ್ದನ್ನೇ ಮಾಡುವುದು, ಬಿಚ್ಚಿದ್ದನ್ನೇ ಬಿಚ್ಚುವುದು. ಕೆಲಸ ಮರೆತುಹೋಗುತ್ತಿದೆಯೇನೋ ಎಂಬ ಹೆದರಿಕೆ ಒಳಗೊಳಗೇ ಕೊರೆಯುತ್ತಿತ್ತು. ಅವತ್ತು ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿಯೇ ಬಿಟ್ಟ. “ಇದೊಂದು ಗಾಡಿ ಕೈಗೆ ಸಿಗಲಿಲ್ಲ ಅಂದ್ರೆ ಶಟರ್ ಎಳೆದುಬಿಡ್ತೀನಿ ಕಣೇ. ಆಮೇಲೆ ಕರೀಬೇಡ ನನ್ನ ಕೆಳಗೆ.” ತಮಾಷೆಗೆ ಹೇಳಿದ್ದಲ್ಲ ಅಂತ ಅವಳಿಗೆ ಗೊತ್ತಾಯಿತು. ಅವಳು ಅನ್ನ ಬಡಿಸಿದಳು.

ಮೊದಲ ಸಲ ಅವನು ನಿಜವಾಗಿಯೇ ಎಡವಿದ. ಆ ಶಾಫ್ಟಿನ ಎರಡು ತುದಿಯಲ್ಲೂ ಮಣಿಕಟ್ಟಿನಂತೆ ಬಾಗುವ ಜಾಯಿಂಟುಗಳಿರುತ್ತವೆ. ಮುಂದಿನದು ಎಷ್ಟು ಬಾಗಿದೆಯೋ ಹಿಂದಿನದೂ ಅಷ್ಟೇ ಬಾಗಬೇಕು, ಆಗ ಒಂದರ ತೊನೆದಾಟವನ್ನು ಇನ್ನೊಂದು ನುಂಗುತ್ತದೆ. ಆ ಬಾಗನ್ನು ಅಳೆಯುವುದು ಗಾಡಿ ತನ್ನ ಚಕ್ರದ ಮೇಲೆ ತಾನು ನಿಂತಾಗ, ಅದೂ ಜನ ಕೂತ ಭಾರದಲ್ಲಿ. ಇದಕ್ಕೆಂದೇ ಗ್ಯಾರೇಜಿನಲ್ಲಿ ಗುಂಡಿ ಇತ್ತು. ಆದರೆ ಗುಂಡಿಗೆ ಇಳಿಯಲು ಮಂಡಿ ಕೇಳಬೇಕಲ್ಲ! ಜ್ಯಾಕ್ ಕೊಟ್ಟು ಗಾಡಿ ಮೇಲೆತ್ತಿದ, ಹಿಂದಿನ ಚಕ್ರಗಳು ಜೋತುಬಿದ್ದವು, ಜೋತುಬಿದ್ದ ಗಾಡಿಗೇ ಅಳತೆ ಹಿಡಿದ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ, ಮಲಗಿದವನಿಗೆ ಪ್ಯಾಂಟಿನ ಅಳತೆ ತಗೊಂಡೆಯಾ ಅಂತ ಬೀದಿಗೆಲ್ಲ ಕೇಳುವಂತೆ ಬೈಯುತ್ತಿದ್ದ ಪುಣ್ಯಾತ್ಮ ಇವನೇ. ಗಾಡಿ ಮೊದಲಿಗಿಂತ ಜೋರಾಗಿ ನಡುಗಿತು.

ತಪ್ಪು ಹೊಳೆದಾಗ ನಾಚಿಕೆಯಾಯಿತು. ಗೋಡೆ ಹಿಡಿದುಕೊಂಡು ಗುಂಡಿಗೆ ಇಳಿದ. ಒಂದು ಸೀಟಿನಲ್ಲಿ ಹಳೆ ಕಬ್ಬಿಣ ತುಂಬಿದ ಚೀಲ, ಇನ್ನೊಂದಕ್ಕೆ ಹೆಂಡತಿ. ಅವಳು ಅಳತೆ ಟೇಪು ಕೊರಳಿಗೆ ಹಾಕಿಕೊಂಡೇ ಬಂದು ಕೂತಳು. ಕೊನೆಗೂ ನನ್ನನ್ನು ಗುಜರಿ ಪಕ್ಕ ಕೂರಿಸಿದಿರಿ ಎಂದು ಗೊಣಗಿದಳು. ಗುಜರಿಗೆ ಬಾಯಿಲ್ಲ, ಅದೊಂದೇ ವ್ಯತ್ಯಾಸ ಅಂತ ಗುಂಡಿಯೊಳಗಿಂದ ಉತ್ತರ ಬಂತು. ಸ್ಪ್ರಿಂಗಿಗೂ ಆಕ್ಸಲಿಗೂ ನಡುವೆ ತೆಳ್ಳನೆ ಬೆಣೆ ಕೊಟ್ಟು, ಗೇರ್‌ಬಾಕ್ಸಿನ ರಬ್ಬರಿನ ಕೆಳಗೆ ಒಂದು ತಗಡು ಸೇರಿಸಿ, ಬಾಗು ಅಳೆಯುವ ಡಯಲು ಇಟ್ಟು ನೋಡಿದ. ಮುಂದಿನ ಬಾಗು, ಹಿಂದಿನ ಬಾಗು ಸರಿಸಮ. ಬೋಲ್ಟು ಬಿಗಿದು ಮೇಲೆ ಬಂದಾಗ ಮುಖದಲ್ಲಿ ಹಳೆಯ ಕಳೆ ಇತ್ತು.

ಓಡಿಸಿ ನೋಡಿದ. ಕನ್ನಡಿಯಲ್ಲಿ ಲಾರಿ ಒಂದೇ ಕಂಡಿತು. ಆದರೆ ಉಬ್ಬಿನ ಮೇಲಿಟ್ಟ ಅಂಗೈ ಒಪ್ಪಲಿಲ್ಲ. ಸಣ್ಣಗೆ, ಬಿಡದೆ, ಏನೋ ನಡುಗುತ್ತಲೇ ಇತ್ತು.

ವಾಪಸ್ ಬಂದು ಶಾಫ್ಟು ಬಿಚ್ಚಿದ. ಜಾಯಿಂಟು ಬದಲಿಸಿದ. ಮತ್ತೆ ಓಡಿಸಿದ, ಮತ್ತೆ ಅದೇ. ಡಾಕ್ಟರಮ್ಮ ವಿಚಾರಿಸಿದಾಗಲೆಲ್ಲ ಇನ್ನೂ ಸ್ವಲ್ಪ ಇದೆ ಅಂದ. ಊಟ ಸೇರದು, ನಿದ್ದೆ ಹತ್ತದು, ಯಾರು ಮಾತಾಡಿಸಿದರೂ ಸಿಡಿಮಿಡಿ. ಒಂದು ಮಧ್ಯಾಹ್ನ ನೆಟ್ಟಗಿದ್ದ ಶಾಫ್ಟನ್ನೇ ಮತ್ತೆ ಬಿಚ್ಚಲು ಸ್ಪ್ಯಾನರ್ ಎತ್ತಿಕೊಂಡವನು, ಎತ್ತಿದ ಕೈ ಹಾಗೇ ಇಳಿಸಿ ಸ್ಟೂಲಿನ ಮೇಲೆ ಕೂತುಬಿಟ್ಟ. ಮೆಟ್ಟಿಲ ಮೇಲೆ ನಿಂತಿದ್ದ ಹೆಂಡತಿ ಅದನ್ನು ನೋಡಿದಳು. ಅವಳು ಮೇಲೆ ಹೋಗಿ ಫ್ಲಾಸ್ಕಿಗೆ ಚಹಾ ತುಂಬಿಕೊಂಡು ಲೋಟ ಹಿಡಿದು ಬಂದಳು. ಬಿಚ್ಚುವುದು ಆಮೇಲೆ, ಮೊದಲು ನನ್ನನ್ನೊಂದು ಸುತ್ತು ಕರೆದುಕೊಂಡು ಹೋಗಿ ಎಂದಳು. ಇಷ್ಟು ದಿನ ತೂಕದ ಕಲ್ಲಾಗಿ ಕೂತದ್ದಕ್ಕೆ ಕೂಲಿ ಅಂತ ಇಟ್ಟುಕೊಳ್ಳಿ.

ಊರಾಚೆಯ ಹೊಸ ರಸ್ತೆ ನುಣ್ಣಗಿತ್ತು. ನಡುಕ ಏಳುತ್ತಿದ್ದ ವೇಗಕ್ಕೆ ಗಾಡಿ ಬಂದಾಗ ಮೇಸ್ತ್ರಿ ಎಡಗೈಯನ್ನು ಉಬ್ಬಿನ ಮೇಲಿಟ್ಟ. ನೋಡು, ಬಂತು, ಇದೇ ಎಂದ. ಅವಳು ಫ್ಲಾಸ್ಕು ತೆಗೆದು, ಲೋಟದ ಅಂಚಿನವರೆಗೂ ಚಹಾ ಬಗ್ಗಿಸಿ, ಅವನ ಕೈಯ ಪಕ್ಕದಲ್ಲೇ ಆ ಉಬ್ಬಿನ ಮೇಲೆ ಇಟ್ಟು ಬೆರಳು ತೆಗೆದಳು.

“ರೀ, ಚಹಾ ನೋಡಿ.”

ಮೇಸ್ತ್ರಿ ಓರೆಗಣ್ಣಲ್ಲಿ ನೋಡಿದ. ಚಹಾದ ಮೇಲೆ ಒಂದು ಗೆರೆಯೂ ಏಳುತ್ತಿರಲಿಲ್ಲ. ಅದರ ಪಕ್ಕದಲ್ಲಿ ಅವನ ಬೆರಳುಗಳು ನಡುಗುತ್ತಿದ್ದವು.

ಅವಳು ಲೋಟ ಎತ್ತಿಕೊಂಡ ಮೇಲೆ ಮೇಸ್ತ್ರಿ ಗಾಡಿಯನ್ನು ರಸ್ತೆ ಬದಿಗೆ ತಂದು ನಿಲ್ಲಿಸಿ ಎಂಜಿನ್ ಆರಿಸಿದ. ಅಂಗೈಯನ್ನು ಕಣ್ಣೆದುರು ಹಿಡಿದುಕೊಂಡ. ಗಾಡಿ ನಿಂತಿತ್ತು, ಕೈ ನಿಂತಿರಲಿಲ್ಲ. ಅಷ್ಟು ವರ್ಷ ಬೇರೆಯವರ ಗಾಡಿಗಳ ನಡುಕ ಹಿಡಿದ ಕೈ ತನ್ನದನ್ನು ಹಿಡಿದಿರಲಿಲ್ಲ.

“ಯಾವಾಗಿಂದ?” ಎಂದು ಕೇಳಿದ.

“ನೀವು ಅರ್ಧ ಲೋಟ ಅಂತ ಜಗಳ ಶುರು ಮಾಡಿದ್ರಲ್ಲ, ಅದಕ್ಕೂ ಸ್ವಲ್ಪ ಮುಂಚೆ. ಚೆಲ್ಲಿಕೊಂಡು ಕೈ ಸುಟ್ಕೊಳ್ತಿದ್ರಿ. ಬಿಸಿ ಜಾಸ್ತಿ ಅಂತ ನನ್ನ ಬೈತಿದ್ರಿ.”

“ಹೇಳಬಾರದಿತ್ತಾ?”

“ಹೇಳಿದ್ರೆ ಶಟರ್ ಎಳೀತಿದ್ರಿ,” ಎಂದಳು. “ಮನೇಲಿ ಕೂತರೆ ನೀವು ಬದುಕೋ ಪೈಕಿ ಅಲ್ಲ.”

ಲಾರಿಗಳು ಹೋದವು. ಆಮೇಲೆ ಮೇಸ್ತ್ರಿ ಎಂಜಿನ್ ಹಚ್ಚಿ, ಲೋಟ ಇದ್ದ ಜಾಗದಲ್ಲಿ ನಿನ್ನ ಕೈ ಇಡು ಎಂದ. ಹಾಗೆ ಒತ್ತಬೇಡ, ಹೊಲಿಯೋ ಮುಂಚೆ ಬಟ್ಟೆ ಸವರಿ ನೋಡ್ತೀಯಲ್ಲ, ಹಾಗೆ ಇಡು. ಅವಳು ಇಟ್ಟಳು. ಗಾಡಿ ಮತ್ತೆ ಆ ವೇಗಕ್ಕೆ ಬಂತು.

“ಏನು ಗೊತ್ತಾಗುತ್ತೆ?”

“ಬೆಚ್ಚಗಿದೆ. ಅಷ್ಟೇ, ಇನ್ನೇನಿಲ್ಲ.”

ಮರುದಿನ ಡಾಕ್ಟರಮ್ಮ ಬೀಗದ ಕೈ ತೆಗೆದುಕೊಳ್ಳುತ್ತ, ಅಂತೂ ನಿಮ್ಮ ಅಂಗೈ ಒಪ್ಪಿತಾ ಎಂದು ನಕ್ಕರು. ಮೇಸ್ತ್ರಿ ಕೈಯನ್ನು ಜೇಬಿಗೆ ಸೇರಿಸಲು ಹೋದವನು ಮನಸ್ಸು ಬದಲಿಸಿ ಹೊರಗೇ ಬಿಟ್ಟ.

“ನನ್ನದಲ್ಲ ಡಾಕ್ಟ್ರೇ, ಅದು ಈಗೀಗ ಸುಳ್ಳು ಹೇಳುತ್ತೆ. ನಮ್ಮವಳದು ಒಪ್ಪಿದೆ. ಧೈರ್ಯವಾಗಿ ಹೋಗಿ ಬನ್ನಿ.”

ಡಾಕ್ಟರಮ್ಮ ಆ ಕೈಯನ್ನೊಮ್ಮೆ ನೋಡಿ, ನರದ ಡಾಕ್ಟರು ನನ್ನ ಗೆಳೆಯರೊಬ್ಬರಿದ್ದಾರೆ, ಒಮ್ಮೆ ತೋರಿಸೋಣ ಎಂದರು. ಆಗಲಿ ಎಂದ. ಗಾಡಿ ತಿರುವು ದಾಟುವವರೆಗೂ ಗಂಡ ಹೆಂಡತಿ ಬಾಗಿಲಲ್ಲೇ ನಿಂತು ಕಿವಿಗೊಟ್ಟರು.

ಸಂಜೆ ಅವಳು ಚಹಾ ತಂದಳು. ಮೇಸ್ತ್ರಿ ಲೋಟದೊಳಗೆ ಇಣುಕಿ, ಪೂರ್ತಿ ತುಂಬಿಸಿಕೊಂಡು ಬಾ ಎಂದ. ಚೆಲ್ಲುತ್ತೆ ಅಂದಳು. ಚೆಲ್ಲಲಿ, ಒರೆಸುವ ಬಟ್ಟೆಗೆ ಈ ಗ್ಯಾರೇಜಿನಲ್ಲಿ ಬರವೇ ಎಂದ. ತುಂಬಿದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಸ್ವಲ್ಪ ಚೆಲ್ಲಿತು. ಉಳಿದದ್ದನ್ನು ನಿಧಾನವಾಗಿ ಕುಡಿದು, ಖಾಲಿ ಲೋಟ ಅವಳ ಕೈಗೆ ಕೊಟ್ಟು, ನಾಳೆ ಬರುವ ಗಾಡಿ ನೋಡಲು ಬೆಳಿಗ್ಗೆ ಬೇಗ ಕೆಳಗೆ ಬಾ ಎಂದ.