ದಿನಕ್ಕೆ ಹತ್ತು ಉತ್ತರಪತ್ರಿಕೆ

ಹೊಲಿಗೆಯಂತ್ರದ ಸೂಜಿ ಹೊಕ್ಕು ಸೀಳಿದ್ದ ಅವರ ತೋರುಬೆರಳಿನ ಉಗುರು ಎರಡು ಹೋಳಾಗಿಯೇ ಬೆಳೆದಿತ್ತು. ಹಗರಿಬೊಮ್ಮನಹಳ್ಳಿಯ ನಮ್ಮ ಓಣಿಗೆಲ್ಲ ಅವರು ಟೈಲರಕ್ಕ. ಒಂದು ಜಂಪರು ಮುಗಿದರೆ ಸಾಕು, ಎದುರಿಗೆ ನಾಲ್ಕು ಜನ ಕಾದಿದ್ದರೂ ಕಣ್ಣು ಮುಚ್ಚಿ ಗೋಡೆಗೆ ಒರಗಿಬಿಡುವರು. "ಕಣ್ಣು ಸೋತ ಮ್ಯಾಲ ಹೊಲದ್ರ, ಅದನ್ನ ಬಿಚ್ಚಿ ಮತ್ತ ನಾನ ಹೊಲೀಬೇಕು" ಎನ್ನುವರು.

ಕೋಗಳಿಯ ಶಾಲೆಯಿಂದ ಬರುವಾಗ ನಾಯಿ ಅಡ್ಡ ಬಂದು ನಾನು ಸ್ಕೂಟಿಯಿಂದ ಬಿದ್ದೆ. ತಲೆಗೆ ಪೆಟ್ಟಾಯಿತು. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಮೆದುಳು ಅಲುಗಾಡಿದೆ, ನಿಧಾನವಾಗಿ ಸರಿಹೋಗುತ್ತದೆ ಎಂದರು ಡಾಕ್ಟರು. ಹೊರಗೆ ಗಾಯವಿಲ್ಲದ ನೋವನ್ನು ನಾನೇ ನಂಬಲಿಲ್ಲ. ಹದಿನೈದು ವರ್ಷ ಗಣಿತ ಕಲಿಸಿದವಳಿಗೆ ಅರ್ಧ ಪುಟ ಓದಿದರೆ ಅಕ್ಷರಗಳು ತೇಲುತ್ತಿದ್ದವು. ಆದರೂ ಮೂರನೇ ವಾರ ಹಟದಿಂದ ಅರವತ್ತು ಉತ್ತರಪತ್ರಿಕೆ ಮನೆಗೆ ತರಿಸಿಕೊಂಡೆ. ಒಂದೇ ಮಧ್ಯಾಹ್ನ ಮುಗಿಸಲು ಕೂತು ವಾಂತಿ ಮಾಡಿಕೊಂಡೆ. ಏನಾಯಿತಮ್ಮಾ ಎಂದು ಬಂದ ಮಗಳ ಕೆನ್ನೆಗೆ ಹೊಡೆದೆ. ಅವಳು ಅಳುತ್ತ ಟೈಲರಕ್ಕನ ಅಂಗಡಿಗೆ ಓಡಿದಳು.

ಅವರು ಬಂದರು, ಬೈಯಲಿಲ್ಲ. ಪತ್ರಿಕೆಗಳ ಕಟ್ಟು ಒಯ್ದು ತಮ್ಮ ಬಟ್ಟೆಯ ಕಪಾಟಿನಲ್ಲಿಟ್ಟು ಬೀಗ ಹಾಕಿದರು.

"ಅಕ್ಕಾ, ಸೋಮವಾರ ಮಾರ್ಕ್ಸ್ ಕೊಡಬೇಕ್ರಿ" ಎಂದೆ.

"ಮುಂಜಾನಿ ಐದು, ಸಂಜಿಕ ಐದು ಕೊಡ್ತೀನಿ. ಇನ್ನೂ ಆಗತೈತಿ ಅನ್ನಿಸುವಾಗ್ಲೇ ನಿಲ್ಲಸ್ರಿ ಟೀಚರ್, ದಣದ ಮ್ಯಾಲ ಅಲ್ಲ."

ಸೋಮವಾರ ಹೆಡ್‌ಮಾಸ್ತರರು ಮನೆಗೇ ಬಂದರು. ನಾನು ತಡವರಿಸುತ್ತಿದ್ದಾಗ, ಪತ್ರಿಕೆ ಕೊಡಲು ಬಂದಿದ್ದ ಟೈಲರಕ್ಕ, "ಕಾಲು ಮುರದಿದ್ರ ಓಡ್ರಿ ಅಂತಿದ್ರೇನ್ರಿ ಸರ್?" ಎಂದು ಕೇಳಿದರು. ಹೆಡ್‌ಮಾಸ್ತರರು ಇನ್ನೊಂದು ವಾರ ಸಮಯ ಕೊಟ್ಟರು.

ಮೊದಲ ಸಲ ಮೂರಕ್ಕೇ ತಲೆ ಭಾರವಾಯಿತು. ಉಳಿದೆರಡನ್ನು ತಲೆ ತಗ್ಗಿಸಿ ವಾಪಸು ಕೊಟ್ಟೆ. "ಮೂರಾತಲ್ಲ!" ಎಂದು ನಕ್ಕರು. ದಿನ ಕಳೆದಂತೆ ಐದು ಮುಗಿಯತೊಡಗಿದವು. ಕೊನೆಯ ಪತ್ರಿಕೆ ಮುಗಿದ ಸಂಜೆ ಮಗಳ ಜಡೆ ಹೆಣೆದೆ. ಅವಳು ಹೆದರದೆ ನನ್ನ ಮುಂದೆ ಕೂತಳು.

ಹೋದ ವರ್ಷ ಟೈಲರಕ್ಕ ಕಾಯಿಲೆಯಿಂದ ತೀರಿಕೊಂಡರು. ಅಂಗಳದ ತುಂಬ ಜನ, ಭಜನೆ, ಅಳು. ಗದ್ದಲದಲ್ಲಿ ನನ್ನ ತಲೆ ಇಂದಿಗೂ ಬೇಗ ಸೋಲುತ್ತದೆ. ಹೇಳಲು ನಾಚಿಕೆಯಾಗಿ ಬಾಗಿಲಲ್ಲೇ ನಿಂತಿದ್ದೆ. ಅವರ ಸೊಸೆ ಕೈಹಿಡಿದು ಹಿತ್ತಲಿನ ನೆರಳಿಗೆ ಕರೆದೊಯ್ದು ಕುರ್ಚಿ ಹಾಕಿದಳು.

"ಅತ್ತಿ ಹೋದ ವಾರನ ಹೇಳಿದ್ರು ರೀ," ಎಂದಳು. "ನಾ ಹೋದ ದಿನ ಟೀಚರ್ ಬರ್ತಾರ, ಅವ್ರನ್ನ ಗದ್ಲದಾಗ ಕುಂದ್ರಸಬ್ಯಾಡ ಅಂತ."