ಬಿಚ್ಚಿದ ಅರ್ಧ ಇಂಚು

ಬೀದಿಯ ಮಕ್ಕಳಿಗೆಲ್ಲ ಅವರು ಟೇಪಜ್ಜ. ಕೊರಳಲ್ಲಿ ಅಳತೆಯ ಟೇಪಿಲ್ಲದೆ ಅವರನ್ನು ಕಂಡವರಿಲ್ಲ. ಅಂಗಡಿಯ ಮೆಟ್ಟಿಲು ಹತ್ತಿದವರ ಸೊಂಟ ಎಷ್ಟಿಂಚು ಎಂದು ಕಣ್ಣಳತೆಯಲ್ಲೇ ಹೇಳುತ್ತಿದ್ದ ಈ ಟೈಲರ್ ಮಹಾಶಯರು ತಮ್ಮ ಸೊಂಟದ ವಿಷಯದಲ್ಲಿ ಮಾತ್ರ ಪೂರ್ತಿ ಮೋಸಹೋದರು.

ಕೆಲವು ವರ್ಷಗಳ ಹಿಂದೆ ಎರಡೇ ವರ್ಷದೊಳಗೆ ಮೂರು ಸಲ ತಮ್ಮ ಪ್ಯಾಂಟುಗಳ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಂಡಿದ್ದರು. ನೋವಿಲ್ಲ, ಜ್ವರವಿಲ್ಲ. ಮೂಲೆಯಲ್ಲಿ ಕೂತು ಕಾಜ ಹಾಕುತ್ತಿದ್ದ ಹೆಂಡತಿ ಗಿರಾಕಿಗಳ ಮುಂದೆಯೇ ಕಾಲೆಳೆಯುತ್ತಿದ್ದಳು: "ತಿನ್ನಿ, ಇನ್ನೂ ತಿನ್ನಿ. ನಾಳೆಯಿಂದ ನಿಮಗೆ ಪರದೆ ಬಟ್ಟೇಲೇ ಪ್ಯಾಂಟ್ ಹೊಲೀಬೇಕು!" ಅಂಗಡಿಗೆ ಅಂಗಡಿಯೇ ನಗುತ್ತಿತ್ತು. ಎಂಥ ಸುಖದ ದಿನಗಳವು! ಹೊಟ್ಟೆಯ ಹಿಂಭಾಗದಲ್ಲಿ, ಮೂತ್ರಪಿಂಡಕ್ಕೆ ಒತ್ತಿಕೊಂಡು ಕ್ಯಾನ್ಸರ್ ಗಡ್ಡೆ ಸದ್ದಿಲ್ಲದೆ ಬೆಳೆಯುತ್ತಿದೆ ಎಂದು ಯಾರಿಗೆ ಗೊತ್ತಿತ್ತು?

ಗಡ್ಡೆಯ ಜೊತೆಗೆ ಒಂದು ಮೂತ್ರಪಿಂಡವನ್ನೂ ತೆಗೆದ ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದ್ದರು: "ಕಣ್ಣಿಗೆ ಕಂಡಿದ್ದನ್ನೆಲ್ಲ ತೆಗೆದಿದ್ದೀವಿ. ಆದ್ರೆ ಈ ಗಡ್ಡೆ ಅದೇ ಜಾಗದಲ್ಲಿ ಮತ್ತೆ ಹುಟ್ಟೋದುಂಟು. ಐದು ವರ್ಷ ಆಯ್ತು, ಹತ್ತು ವರ್ಷ ಆಯ್ತು ಅಂತ ಮೈಮರೆಯೋ ಹಾಗಿಲ್ಲ. ಬೇಗ ಕಂಡ್ರೆ ಮತ್ತೆ ತೆಗೀಬಹುದು. ಸ್ಕ್ಯಾನ್ ತಪ್ಪಿಸ್ಬೇಡಿ."

ಅಂದಿನಿಂದ ನಾಲ್ಕು ವರ್ಷ ಹೆಂಡತಿ ಅವರ ಹೊಟ್ಟೆಯ ಸುದ್ದಿ ಎತ್ತಲಿಲ್ಲ. ಆರಾರು ತಿಂಗಳಿಗೊಮ್ಮೆ ಬರುವ ಸ್ಕ್ಯಾನಿಗಿಂತ ಆ ಮೌನವೇ ಟೇಪಜ್ಜನನ್ನು ಹೆಚ್ಚು ಕೊರೆಯುತ್ತಿತ್ತು. ಹಳೆಯ ನಗು ಬೇಕೆನಿಸುತ್ತಿತ್ತು, ಆದರೆ ಕೇಳುವುದು ಹೇಗೆ?

ಒಂದು ಬೆಳಿಗ್ಗೆ ಪ್ಯಾಂಟಿನ ಗುಂಡಿ ಕಿತ್ತುಬಂತು. ಹಾಕೋಣವೆಂದು ಒಳಮೈ ತಿರುಗಿಸಿದರೆ ಸೊಂಟದ ಹಿಂದಿನ ಹೊಲಿಗೆ ತಮ್ಮದಲ್ಲ. ಒತ್ತೊತ್ತಾಗಿ, ತುಸು ಎಡಕ್ಕೆ ವಾಲಿದ ಕೈಹೊಲಿಗೆ. ಮೂವತ್ತು ವರ್ಷದಿಂದ ನೋಡಿದ ಕೈ ಅದು. ಟೇಪು ಹಿಡಿದರು: ಅರ್ಧ ಇಂಚು ಬಿಚ್ಚಿತ್ತು. ಬೀರುವಿನಲ್ಲಿದ್ದ ಉಳಿದ ಪ್ಯಾಂಟುಗಳದ್ದೂ ಅದೇ ಕತೆ.

"ಇದೇನೇ ಇದು?"

ಕಾಜ ಹಾಕುತ್ತಿದ್ದ ಹೆಂಡತಿ ತಲೆಯೆತ್ತಲಿಲ್ಲ. "ಬಿಗಿ ಆಗ್ತಿತ್ತು ಕಣ್ರೀ. ನಿಮ್ಮ ಸೊಂಟದ ಮೇಲೆ ಗೆರೆ ಬೀಳ್ತಿತ್ತು. ಸ್ಕ್ಯಾನಿಗೆ ಇನ್ನೂ ಎರಡು ತಿಂಗಳಿದೆ, ಅಲ್ಲೀವರೆಗಾದ್ರೂ ನೀವು ನೆಮ್ಮದಿಯಾಗಿರ್ಲಿ ಅಂತ..."

"ಹುಚ್ಚಿ," ಎಂದರು. ಎರಡು ತಿಂಗಳು ಕಾಯುವ ಮಾತೇ ಇರಲಿಲ್ಲ. ಅಂಗಡಿಗೆ ಬೀಗ ಜಡಿದು ಇಬ್ಬರೂ ಆಸ್ಪತ್ರೆಗೆ ಹೊರಟರು.

ಸಂಜೆ ಡಾಕ್ಟರಮ್ಮ ಸ್ಕ್ಯಾನನ್ನು ಎರಡೆರಡು ಸಲ ನೋಡಿದರು. "ಗಡ್ಡೆ ಇಲ್ಲ. ಇದು ಬರೀ ಊಟದ ಬೊಜ್ಜು. ಮುಂದೆ ಬರೋದೇ ಇಲ್ಲ ಅಂತ ನಾನು ಹೇಳಲ್ಲ. ಆರು ತಿಂಗಳಿಗೆ ಮತ್ತೆ ಬನ್ನಿ."

ಹೊರಗೆ ಬಂದರು. ಹೆಂಡತಿ ಸೆರಗಿನಲ್ಲಿ ಮೂಗೊರೆಸಿಕೊಂಡು ಅವರ ಹೊಟ್ಟೆಯನ್ನೊಮ್ಮೆ ದಿಟ್ಟಿಸಿದಳು.

"ತಿನ್ನಿ, ಇನ್ನೂ ತಿನ್ನಿ," ಎಂದಳು. "ಈ ಸಲ ಪರದೆ ಬಟ್ಟೇನೂ ಸಾಲಲ್ಲ."

ಟೇಪಜ್ಜ ಅಲ್ಲೇ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತರು.